ಇನ್ನೊಂದು ನಾಯಿ ಎಲ್ಲಿ?

ಬರ್ಮಿಂಗ್‌ಹ್ಯಾಮ್‌ಗೆ ಬಂದ ಎರಡನೇ ವರ್ಷ. ಮನೆ ಹತ್ತಿರ, ದಾನವಾಗಿ ಬಂದ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಯ ಕಿಟಕಿಯಲ್ಲಿ ಒಂದು ಪಿಂಗಾಣಿ ನಾಯಿ ಕೂತಿತ್ತು. ಬಿಳಿ ಮೈ, ಇಟ್ಟಿಗೆ ಬಣ್ಣದ ಜೋಲು ಕಿವಿ, ಕತ್ತಿನಲ್ಲಿ ಚಿನ್ನದ ಸರಪಳಿ, ಎದೆ ಮೇಲೆ ಪುಟ್ಟ ಬೀಗ. ಮೈ ಎಡಕ್ಕೆ ತಿರುಗಿತ್ತು, ಮುಖ ಮಾತ್ರ ನೇರ ನನ್ನ ಕಡೆ. ಮನೆಯಲ್ಲಿ ಏನೋ ಆಗಿದೆ, ಆದರೆ ಹೇಳಲ್ಲ ಅನ್ನುವ ಹಿರಿಯರ ಮುಖ ಇರುತ್ತಲ್ವಾ, ಹಾಗೆ. 12 ಪೌಂಡ್ ಕೊಟ್ಟು ತಂದೆ.

ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಬಂದವರು ಅದನ್ನು ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು: "ಇನ್ನೊಂದು ಎಲ್ಲಿ?"

ನಾನು ಮೈಸೂರಿನವಳು. ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವಳು. ಪಟ್ಟದ ಗೊಂಬೆಯ ಪೆಟ್ಟಿಗೆ ತೆಗೆದಾಗ ರಾಜ ಸಿಕ್ಕಿ ರಾಣಿ ಸಿಗದಿದ್ದರೆ ಅಮ್ಮ ಮನೆಯನ್ನೇ ತಲೆಕೆಳಗು ಮಾಡುತ್ತಿದ್ದರು. ಹಾಗಾಗಿ ಅಜ್ಜಿಯ ಪ್ರಶ್ನೆ ನನಗೆ ಚೆನ್ನಾಗಿ ನಾಟಿತು. ಅವತ್ತಿನಿಂದ ಇವತ್ತಿನವರೆಗೆ ಹನ್ನೊಂದು ವರ್ಷ. ಈಗ ಮನೆಯಲ್ಲಿ ಹದಿನೇಳು ನಾಯಿಗಳಿವೆ.

ಇವನ್ನು ಸ್ಟಾಫರ್ಡ್‌ಶೈರ್ ನಾಯಿಗಳು ಅಂತಾರೆ. ಸ್ಕಾಟ್‌ಲೆಂಡ್‌ನಲ್ಲಿ ವಾಲಿ ಡಗ್ಸ್. ಈಗ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತ್ಯದಲ್ಲಿ ಸ್ಟೋಕ್-ಆನ್-ಟ್ರೆಂಟ್ ಅನ್ನುವ ನಗರ ಇದೆಯಲ್ಲ, ಅದು ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಅನ್ನುವ ಆರು ಊರು 1910ರಲ್ಲಿ ಒಂದಾಗಿ ಆದದ್ದು. ಗೂಡು ಉರಿಸಲು ಅಲ್ಲಿ ನೆಲದಡಿಯಲ್ಲೇ ಕಲ್ಲಿದ್ದಲು. ಬಿಳಿ ಜೇಡಿಮಣ್ಣು ಕಾರ್ನ್‌ವಾಲ್ ಕಡೆಯಿಂದ ಬರುತ್ತಿತ್ತು. 1840ರಿಂದ ಆ ಶತಮಾನದ ಕೊನೆಯವರೆಗೆ ಅಲ್ಲಿನ ಸಣ್ಣ ದೊಡ್ಡ ಕುಂಬಾರಿಕೆಗಳಲ್ಲಿ ಈ ನಾಯಿಗಳು ಲೆಕ್ಕವಿಲ್ಲದಷ್ಟು ತಯಾರಾದವು. ಹೆಚ್ಚಿನವು ಜೋಲು ಕಿವಿಯ ಸ್ಪ್ಯಾನಿಯಲ್ ಜಾತಿ. ವಿಕ್ಟೋರಿಯಾ ರಾಣಿ ಹುಡುಗಿಯಾಗಿದ್ದಾಗ ಸಾಕಿದ ಡ್ಯಾಶ್ ಕೂಡ ಅದೇ ಜಾತಿ. 1838ರಲ್ಲಿ ಪಟ್ಟಾಭಿಷೇಕ ಮುಗಿಸಿ ಅರಮನೆಗೆ ಬಂದವಳು ಮೊದಲು ಡ್ಯಾಶ್‌ಗೆ ಸ್ನಾನ ಮಾಡಿಸಿದಳು ಅಂತ ಹೇಳುತ್ತಾರೆ. ರಾಣಿಯ ಮನೆಯಲ್ಲಿದ್ದ ನಾಯಿ ಗಣಿ ಕೆಲಸಗಾರನ ಮನೆಯ ಅಗ್ಗಿಷ್ಟಿಕೆ ಮೇಲೂ ಬಂದು ಕೂತಿತು. ಎಡಕ್ಕೊಂದು, ಬಲಕ್ಕೊಂದು. ಕನ್ನಡಿಯಲ್ಲಿ ನೋಡಿದ ಹಾಗೆ. ಗೋಡೆಗೆ ಒರಗಿ ಕೂರುವ ಗೊಂಬೆಯಾದ್ದರಿಂದ ಬೆನ್ನಿಗೆ ಬಣ್ಣ ತೀರಾ ಕಡಿಮೆ. ಯಾರೂ ನೋಡದ ಕಡೆ ಯಾಕೆ ಖರ್ಚು, ಅಲ್ವಾ?

ಮೊದಲ ಎರಡು ವರ್ಷ ನಾನು ಸುಮ್ನೆ ಕಂಡದ್ದೆಲ್ಲ ಕೊಂಡೆ. ಒಂದು ಅಂಗಡಿಯಲ್ಲಿ "ವಿಕ್ಟೋರಿಯನ್ ಕಾಲದ್ದು" ಅಂತ ಚೀಟಿ ಹಚ್ಚಿದ ಜೋಡಿಗೆ 140 ಪೌಂಡ್ ಕೊಟ್ಟೆ. ಮನೆಗೆ ತಂದು ಪಕ್ಕಪಕ್ಕ ಇಟ್ಟಾಗ ಏನೋ ಸರಿ ಇಲ್ಲ ಅನ್ನಿಸಿತು. ಎರಡೂ ತೀರಾ ಒಂದೇ ಥರ. ಹುಬ್ಬಿನ ಗೆರೆ ಕೂಡ ಅಳತೆ ಹಿಡಿದ ಹಾಗೆ. ಯಾಕೆ ಅಂತ ತಿಳಿದದ್ದು ಲಾಂಗ್ಟನ್‌ಗೆ ಹೋದ ಮೇಲೆ.

ಲಾಂಗ್ಟನ್‌ನಲ್ಲಿ ಗ್ಲ್ಯಾಡ್‌ಸ್ಟನ್ ಪಾಟರಿ ಮ್ಯೂಸಿಯಂ ಇದೆ. ಹಳೆಯ ಕಾರ್ಖಾನೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಸ್ಟೋಕ್‌ನಲ್ಲಿ ರೈಲು ಬದಲಿಸಿ ಹೋಗಬೇಕು. ಬಾಟಲಿ ಆಕಾರದ ಇಟ್ಟಿಗೆ ಗೂಡಿನ ಒಳಗೆ ನಿಂತು ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು ಕಾಣುತ್ತೆ. ಅಲ್ಲಿ ಅಚ್ಚುಗಳನ್ನು ನೋಡುತ್ತಾ ನಿಂತಾಗ ನನ್ನ ನಾಯಿ ಹುಟ್ಟಿದ ರೀತಿ ಅರ್ಥವಾಯಿತು. ಹಳೆಯ ವಿಧಾನದಲ್ಲಿ ಮಣ್ಣನ್ನು ಚಪಾತಿ ಹಾಗೆ ಹಾಳೆ ಮಾಡಿ, ಪ್ಲಾಸ್ಟರ್ ಅಚ್ಚಿನ ಎರಡು ಹೋಳಿಗೂ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಆಮೇಲೆ ಎರಡೂ ಹೋಳು ಸೇರಿಸಿ ಅಂಟಿಸುವುದು. ಸುಡುವಾಗ ಒಳಗಿನ ಗಾಳಿ ಹಿಗ್ಗಿ ಒಡೆಯಬಾರದಲ್ಲ, ಅದಕ್ಕೆ ತಳದಲ್ಲಿ ಕಡ್ಡಿಯಿಂದ ಚುಚ್ಚಿದ ಒಂದು ಸಣ್ಣ ತೂತು. ಒತ್ತಿ ಮಾಡಿದ್ದರಿಂದ ಗೋಡೆ ದಪ್ಪ, ತೂಕ ಜಾಸ್ತಿ. ಆಮೇಲಿನ ಕಾಲದಲ್ಲಿ ಮಜ್ಜಿಗೆಯಂಥ ತೆಳು ಮಣ್ಣನ್ನು ಅಚ್ಚಿಗೆ ಹುಯ್ದು, ಹೆಚ್ಚಾದದ್ದನ್ನು ಹೊರಗೆ ಬಗ್ಗಿಸುತ್ತಿದ್ದರು. ಬಗ್ಗಿಸಬೇಕಾದರೆ ತೂತು ದೊಡ್ಡದಿರಬೇಕು. ನನ್ನ 140 ಪೌಂಡಿನ ಜೋಡಿಯ ತಳದಲ್ಲಿ ಕಿರುಬೆರಳು ಸಲೀಸಾಗಿ ಒಳಗೆ ಹೋಗುತ್ತಿತ್ತು. ಚಾರಿಟಿ ಅಂಗಡಿಯ ಒಂಟಿ ನಾಯಿಯದ್ದು ಮೆಣಸಿನ ಕಾಳಿನಷ್ಟು ತೂತು. ಆ ರಾತ್ರಿ ಅದನ್ನು ತಿರುಗಿಸಿ ನೋಡಿದಾಗ ಆದ ಖುಷಿ ಈಗಲೂ ನೆನಪಿದೆ.

ಆಮೇಲೆ ನನ್ನ ಕೈಗೆ ಒಂದು ಕ್ರಮ ಬಂತು. ನಾಯಿ ಎತ್ತಿದರೆ ಮೊದಲು ತೂಕ, ಆಮೇಲೆ ತಳ, ಆಮೇಲೆ ಚಿನ್ನ. 1880ರ ಆಚೀಚೆ ದ್ರವ ಚಿನ್ನ ಬಳಕೆಗೆ ಬಂತು. ಅದು ಕನ್ನಡಿ ಹಾಗೆ ಥಳಥಳ ಹೊಳೆಯುತ್ತೆ. ಅದಕ್ಕೂ ಹಿಂದಿನದ್ದು ಮೆದು ಚಿನ್ನ. ಅಜ್ಜಿಯ ಹಳೇ ಬಳೆಯ ಹಾಗೆ ಮಂದ ಬೆಳಕು, ಕೈ ತಗುಲಿದ ಕಡೆ ಸವೆದಿರುತ್ತೆ. ಸವೆತ ಎಲ್ಲಿದೆ ಅಂತ ನೋಡಬೇಕು. ಧೂಳು ಒರೆಸುವ ಕೈ ಮೂಗಿಗೆ, ತಲೆಗೆ, ಎದೆಯ ಬೀಗಕ್ಕೆ ತಾಗುತ್ತೆ. ಕಿವಿಯ ಸಂದಿಗೆ ತಾಗಲ್ಲ. ಸಂದಿಯಲ್ಲೂ ಸವೆದಿದ್ದರೆ ಯಾರೋ ಬೇಕಂತಲೇ ಉಜ್ಜಿದ್ದಾರೆ. ಮೆರುಗಿನ, ಅಂದರೆ ಮೇಲಿನ ಗಾಜಿನಂಥ ಲೇಪದ, ಬಿರುಕುಗಳೂ ಹಾಗೇ. ನಿಜವಾದ ಹಳೇ ಬಿರುಕು ಒಂದು ಕಡೆ ದಟ್ಟ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಮೈಪೂರ್ತಿ ಒಂದೇ ಸಮ ಬಿರುಕು, ಅದರಲ್ಲಿ ಒಂದೇ ಸಮ ಕಂದು ಬಣ್ಣ ಕಂಡರೆ ನಾನು ವಾಪಸ್ ಇಡುತ್ತೇನೆ.

ಮುಂಗಾಲು ಮೈಗೆ ಅಂಟಿದೆಯೋ, ಬಿಡಿಯಾಗಿದೆಯೋ ಅನ್ನುವುದೂ ಮುಖ್ಯ. ಬಿಡಿ ಕಾಲಿಗೆ ಬೇರೆ ಅಚ್ಚು, ಬೇರೆ ಕೆಲಸ. ಆದ್ದರಿಂದ ಬೆಲೆಯೂ ಜಾಸ್ತಿ. ನನಗೆ ಮಾತ್ರ ಅಂಟಿದ ಕಾಲಿನ ಅಗ್ಗದ ನಾಯಿಗಳೇ ಇಷ್ಟ. ಬಡವರ ಮನೆಗೆ ಹೋದವು ಅವೇ.

ಒಂದು ತಪ್ಪನ್ನು ಹೇಳಲೇಬೇಕು. ತಾಮ್ರದ ಹೊಳಪಿನ ಚುಕ್ಕೆಗಳಿದ್ದ ಒಂದು ದೊಡ್ಡ ನಾಯಿ ಸಿಕ್ಕಿತ್ತು. ಮಸಿ ಹಿಡಿದಿದೆ ಅಂತ ಬೆಚ್ಚಗಿನ ಸೋಪಿನ ನೀರಿನಲ್ಲಿ ಮುಳುಗಿಸಿಟ್ಟೆ. ಅರ್ಧ ಗಂಟೆ ಬಿಟ್ಟು ಎತ್ತಿದರೆ ಬಲಗಿವಿ ನೀರಿನಲ್ಲೇ ಉಳಿಯಿತು. ಯಾರೋ ಹಿಂದೆ ಅಂಟಿಸಿ, ಮೇಲೆ ಬಣ್ಣ ಬಳಿದಿದ್ದರು. ನೂರೈವತ್ತು ವರ್ಷ ಬಾಳಿದ ಜೀವ ನನ್ನ ಸಿಂಕಿನಲ್ಲಿ ಕಿವಿ ಕಳೆದುಕೊಂಡಿತಲ್ಲ ಅಂತ ತುಂಬಾ ಸಂಕಟವಾಯಿತು. ಅಂದಿನಿಂದ ಮುಳುಗಿಸುವುದಿಲ್ಲ. ಹತ್ತಿಯ ಕಡ್ಡಿ, ಒಂದು ಹನಿ ನೀರು, ಒಂದೊಂದೇ ಅಂಗುಲ. ಚಿನ್ನದ ಮೇಲೆ ಅದೂ ಇಲ್ಲ, ಒಣ ಕುಂಚ ಅಷ್ಟೇ. ಕೊಳ್ಳುವ ಮೊದಲು ಅಲ್ಟ್ರಾವಯೊಲೆಟ್ ಟಾರ್ಚ್ ಹಾಯಿಸುತ್ತೇನೆ. ರಿಪೇರಿ ಬಣ್ಣ ಸಾಮಾನ್ಯವಾಗಿ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತೆ.

ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೂ ನಾನು ಜಾಸ್ತಿ ಹೊತ್ತು ನೋಡುವುದು ಮುಖವನ್ನು. ಹುಬ್ಬಿಗೆ ಎರಡು ಎಳೆತ, ಕಣ್ಣಿನ ಸುತ್ತ ಒಂದು ಗೆರೆ, ಮೂತಿಯ ಮೇಲೆ ಮೀಸೆಯ ಚುಕ್ಕೆ. ಬಣ್ಣ ಹಾಕುತ್ತಿದ್ದವರಲ್ಲಿ ಹೆಂಗಸರು, ಮಕ್ಕಳು ಇದ್ದರು. 1840ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವನ್ ಎಂಬ ಅಧಿಕಾರಿ ಈ ಊರುಗಳ ಕುಂಬಾರಿಕೆಗಳನ್ನು ಸುತ್ತಿ, ಅಲ್ಲಿ ದುಡಿಯುವ ಮಕ್ಕಳ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟ. ಅಚ್ಚು ಹೊತ್ತು ಬಿಸಿ ಕೋಣೆಗೆ ದಿನವಿಡೀ ಓಡುವ ಹುಡುಗರ ವಿಷಯ ಅದರಲ್ಲಿದೆ. ಮೆರುಗಿಗೆ ಸೀಸ ಹಾಕುತ್ತಿದ್ದರು, ಅದರ ವಿಷ ಕೆಲಸಗಾರರ ಮೈ ಸೇರುತ್ತಿತ್ತು. ನನ್ನ ಒಂಟಿ ನಾಯಿಯ ಎಡ ಹುಬ್ಬು ಬಲ ಹುಬ್ಬಿಗಿಂತ ಒಂದು ಕೂದಲಿನಷ್ಟು ಮೇಲಿದೆ. ಅದಕ್ಕೇ ಆ ಚಿಂತೆಯ ಮುಖ. ಸಂಜೆಯ ಹೊತ್ತು ದಣಿದ ಒಂದು ಸಣ್ಣ ಕೈ ಅದನ್ನು ಎಳೆದಿರಬಹುದು ಅಂತ ಯೋಚಿಸಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ. ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಉಳಿದ ಸಹಿ ಆ ಹುಬ್ಬೊಂದೇ.

ಅದಕ್ಕೇ ಜೋಡಿ ಹುಡುಕುವುದು ಕಷ್ಟ. ಎತ್ತರ ಒಂದೇ ಇದ್ದರೆ ಸಾಲದು, ಕೈಯೂ ಒಂದೇ ಇರಬೇಕು. ಬೇರೆ ಬೇರೆ ಮನೆಯ ಎರಡನ್ನು ಸೇರಿಸಿ ಮಾರುವುದಕ್ಕೆ ಇಲ್ಲಿನ ವ್ಯಾಪಾರಿಗಳು ಮದುವೆ ಮಾಡಿಸಿದ ಜೋಡಿ ಅಂತಾರೆ. ಹೋದ ವರ್ಷ ನ್ಯೂವಾರ್ಕ್‌ನ ದೊಡ್ಡ ಆಂಟಿಕ್ ಸಂತೆಯಲ್ಲಿ ಬಲಕ್ಕೆ ನೋಡುವ ನಾಯಿಯೊಂದು ಕಂಡಿತು. ಅದೇ ಇಟ್ಟಿಗೆ ಕೆಂಪು, ಅದೇ ಎತ್ತರ. ಕೈ ನಡುಗುತ್ತಾ ತಿರುಗಿಸಿದೆ, ತೂತೂ ಅಷ್ಟೇ ಸಣ್ಣದು. 40 ಪೌಂಡ್ ಅಂದರು. ಚೀಲದಿಂದ ನನ್ನ ನಾಯಿಯ ಫೋಟೋ ತೆಗೆದು ಪಕ್ಕ ಹಿಡಿದೆ. ನನ್ನದರ ಸರಪಳಿಯಲ್ಲಿ ಕೊಂಡಿಗಳು ಒಂದಕ್ಕೊಂದು ತಾಗುತ್ತವೆ. ಅದರಲ್ಲಿ ನಡುವೆ ಜಾಗ ಬಿಟ್ಟಿದ್ದರು. ಹುಬ್ಬು ಎರಡೂ ಸಮ. ಚೆನ್ನಾದ ನಾಯಿ, ನನ್ನ ನಾಯಿಯದ್ದಲ್ಲ. ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಆಮೇಲೆ ಮೆಲ್ಲಗೆ ಕೆಳಗಿಟ್ಟು ಬಂದೆ. ಅದಕ್ಕೂ ಅದರದ್ದೇ ಇನ್ನೊಂದು ಎಲ್ಲೋ ಇರುತ್ತಲ್ಲ.

ಈ ದಸರೆಗೂ ಬೊಂಬೆಯ ಮೆಟ್ಟಿಲ ಮೇಲೆ ನಾಯಿಗಳನ್ನು ಕೂರಿಸಿದೆ. ಒಂಟಿ ನಾಯಿಯ ಎದುರಿನ ಜಾಗ ಖಾಲಿ ಬಿಟ್ಟಿದ್ದೇನೆ. ಬ್ರಿಟನ್ನಿನಲ್ಲಿರುವ ಕನ್ನಡದವರು ಚಾರಿಟಿ ಅಂಗಡಿಗೋ ಕಾರ್ ಬೂಟ್ ಸಂತೆಗೋ ಹೋದರೆ ದಯವಿಟ್ಟು ಒಂದು ಕಣ್ಣು ಹಾಯಿಸಿ. ಎತ್ತರ ಒಂಬತ್ತೂಮುಕ್ಕಾಲು ಇಂಚು. ಮೈ ಬಲಕ್ಕೆ ತಿರುಗಿರಬೇಕು. ಕಾಲು ಮೈಗೆ ಅಂಟಿದ್ದು, ತಳದಲ್ಲಿ ಮೆಣಸಿನ ಕಾಳಿನಷ್ಟು ತೂತು, ಸರಪಳಿಯ ಕೊಂಡಿಗಳು ಒಂದಕ್ಕೊಂದು ತಾಗಿರುತ್ತವೆ. ಹುಬ್ಬು ಒಂದು ಸ್ವಲ್ಪ ಮೇಲಿರುತ್ತೆ.