ಕರ್ಣಕುಂಡಲದ ಕುಲ: ಹೂ ಬಿಡಿಸಿ ಪ್ರಭೇದ ಗುರುತಿಸಿದ ನನ್ನ ಅನುಭವ

ಕರ್ಣಕುಂಡಲ ಸೇರಿರುವ ಸಸ್ಯಕುಲವಾದ ಇಂಪೇಷಿಯನ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಒಣಗಿಸಿದ ಹೂವಿನಿಂದ ಇವನ್ನು ಬೇರ್ಪಡಿಸಲಾಗದು ಎಂದವರೇ ಹೆಚ್ಚು. ಇಡೀ ಹೂ ಒತ್ತಿದರೆ ಅವರ ಮಾತು ನಿಜವೇ. ನನ್ನ ಮೊದಲ 60ರಷ್ಟು ಮಾದರಿಗಳಲ್ಲಿ ದಳಗಳು ಒಂದಕ್ಕೊಂದು ಅಂಟಿ, ಕಾಗದದ ಮೇಲಿನ ಕಲೆಯಾಗಿ ಉಳಿದವು. 70% ಆಲ್ಕೊಹಾಲಿನಲ್ಲಿ ಇಟ್ಟಾಗ ಆಕಾರ ಉಳಿಯಿತು, ಬಣ್ಣ ಹೋಯಿತು. ಗ್ಲಿಸರಿನ್ ಬೆರೆಸದಿದ್ದವು ಸೂಜಿ ತಾಗಿದರೆ ಮುರಿದವು.

ಕೈಹಿಡಿದದ್ದು ಹಸಿ ಹೂವನ್ನು ಬಿಡಿಸುವ ಕ್ರಮ. ಕಿತ್ತ ಅರ್ಧ ಗಂಟೆಯೊಳಗೆ ಮುಗಿಸಬೇಕು. ಮೊದಲು ಪಕ್ಕದ ಪುಷ್ಪಪತ್ರಗಳು, ಅಂದರೆ ದಳಗಳ ಹೊರಗಿರುವ ಪುಟ್ಟ ಎಸಳುಗಳು. ಎರಡು ಕಂಡೊಡನೆ ಎರಡೇ ಎಂದು ಬರೆದು ನಾನು ಎಷ್ಟೋ ಸಲ ಎಡವಿದ್ದೇನೆ: ನಾಲ್ಕಿರುವ ಪ್ರಭೇದಗಳಲ್ಲಿ ಒಳಜೋಡಿ ತೀರ ಚಿಕ್ಕದಿರಬಹುದು, ಇಕ್ಕಳ ತಾಗಿದರೆ ಉದುರುತ್ತದೆ. ಈಗ ಮೊಗ್ಗಿನಲ್ಲೇ ಎಣಿಸುತ್ತೇನೆ. ಆಮೇಲೆ ಮೇಲ್ದಳ, ನಂತರ ಪಕ್ಕದ ಜೋಡಿದಳಗಳು (ಎರಡೆರಡು ದಳ ಕೂಡಿಕೊಂಡವು), ಕೊನೆಗೆ ಮಕರಂದದ ಕೊಂಬು, ಅಂದರೆ ಹಿಂದಕ್ಕೆ ಚಾಚಿದ ಸಪೂರ ಕೊಳವೆ, ಇರುವ ಪುಷ್ಪಪತ್ರವನ್ನು ಉದ್ದಕ್ಕೆ ಸೀಳುವುದು. ಕಾರ್ಡಿನ ಮೇಲೆ ಒಂದು ಹನಿ ನೀರು ಹಾಕಿ, ದಳವನ್ನು ಅದರಲ್ಲಿ ತೇಲಿಸಿ, ಸೂಜಿಯಿಂದ ಅಂಚು ಹರಡಿ, ಹೀರುಕಾಗದದಿಂದ ನೀರು ತೆಗೆದು ಒತ್ತಬೇಕು. ಮೇಲೆ ಹಾಸುವ ಹಾಳೆ ಯಾವುದೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊಂಬಿನ ಉದ್ದ ನಂಬಿ ಇಡೀ ಒಂದು ಋತು ಹಾಳಾಯಿತು. ಅದು ಪರಾಗ ಒಯ್ಯುವ ಜೀವಿಗೆ ತಕ್ಕಂತೆ ರೂಪುಗೊಳ್ಳುವಂಥದ್ದು. ದೂರದ ಪ್ರಭೇದಗಳಲ್ಲೂ ಒಂದೇ ಬಗೆಯ ಸಪೂರ ಕೊಂಬು ಸಿಗುತ್ತದೆ. ಒಂದೇ ಗಿಡದಲ್ಲೂ ಅಳತೆ ಏರುಪೇರಾಗುತ್ತದೆ. ಜೋಡಿದಳದ ಮೇಲಿನ ಮತ್ತು ಕೆಳಗಿನ ಹಾಲೆಗಳ (ಚಾಚಿದ ಭಾಗಗಳ) ಆಕಾರವೇ ನನಗೆ ಹೆಚ್ಚು ಸ್ಥಿರವಾಗಿ ಕಂಡದ್ದು. 5 ಗಿಡಗಳಿಂದ ತಲಾ ಎರಡು ಹೂ ಸಾಕು. ಕೆಲವು ಪ್ರಭೇದಗಳು ಅರಳದೆ ತಾವೇ ಕಾಯಿ ಕಟ್ಟುವ ಪುಟ್ಟ ಹೂ ಬಿಡುತ್ತವೆ. ಅವುಗಳ ಭಾಗಗಳು ಕುಗ್ಗಿರುವುದರಿಂದ ಅಳತೆಗೆ ಸೇರಿಸಬಾರದು.

ದುಡ್ಡು ಕರಗಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಪರಾಗ ನೋಡಿಸಿದಾಗ: ಉಳಿದೆಲ್ಲ ಖರ್ಚಿನ ಮೂರು ಪಟ್ಟು. ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿ 400 ಪಟ್ಟು ಹಿಗ್ಗಿಸಿದರೆ ಸಾಮಾನ್ಯ ಮೈಕ್ರೋಸ್ಕೋಪೇ ಸಾಕೆಂದು ಆಮೇಲೆ ತಿಳಿಯಿತು. ಪರಾಗದ ಕಣದ ಗೋಡೆಯಲ್ಲಿ ಸೀಳುಗಳಿರುತ್ತವೆ: ಮೂರು ಸೀಳಿನ ಪರಾಗ ತ್ರಿಕೋನ, ನಾಲ್ಕು ಸೀಳಿನದು ಆಯತ ಅಥವಾ ಉದ್ದನೆಯ ಅಂಡಾಕಾರ. ಹೂ ಬಿಡಿಸಲು ಬೇಕಾದದ್ದು 10 ಪಟ್ಟಿನ ಕೈಮಸೂರ ಮತ್ತು ಎರಡು ಸೂಜಿ, ಅಷ್ಟೇ.

ಹಳೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆಗಳನ್ನೂ ಕೈಬಿಡಲಿಲ್ಲ. ಸಡಿಲವಾದ ಒಂದು ಹೂವನ್ನು ಒಂದು ಹನಿ ಸೋಪಿನ ಬಿಸಿನೀರಿನಲ್ಲಿ 15 ನಿಮಿಷ ನೆನೆಸಿದರೆ ಜೋಡಿದಳ ಬಿಚ್ಚಿಕೊಳ್ಳುತ್ತದೆ. ಹೆಸರಿಲ್ಲದ 30ರಷ್ಟು ಹಾಳೆಗಳಲ್ಲಿ 26ಕ್ಕೆ ಹೀಗೆ ಹೆಸರು ಸಿಕ್ಕಿತು. ಉಳಿದವುಗಳಲ್ಲಿ ಇದ್ದದ್ದು ಬರೀ ಕಾಯಿ.