ಹಳೆಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು: ನನ್ನ ಅನುಭವ

ಹಿರಿಯರಿಂದ ಬಂದ ಬ್ರಿಟಿಷ್ ಕಾಲದ ನಾಣ್ಯಗಳನ್ನು ವಿಂಗಡಿಸಲು ಕುಳಿತಾಗ ಮೊದಲು ಇಸವಿಗಳನ್ನು ನೋಡಿ ಗುಂಪು ಮಾಡಿಕೊಂಡೆ. 1835ರಿಂದ 1939ರವರೆಗಿನ ಒಂದು ರೂಪಾಯಿ ನಾಣ್ಯ, ಅದರ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿರಲಿ, ಐದನೇ ಜಾರ್ಜನ ಮುಖವಿರಲಿ, 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ ತೂಗುತ್ತದೆ, ಅದರಲ್ಲಿ ಶೇ. 91.7ರಷ್ಟು ಬೆಳ್ಳಿ. ಅರ್ಧ ಮತ್ತು ಕಾಲು ರೂಪಾಯಿಗಳಿಗೂ ಇದೇ ಪ್ರಮಾಣ. ಆದರೆ ಮೊದಲ ಮಹಾಯುದ್ಧದ ಬೆಳ್ಳಿಯ ಅಭಾವದಿಂದಾಗಿ 1918ರಿಂದ ಎರಡಾಣೆಯನ್ನೂ, 1919ರಿಂದ ಕೆಲಕಾಲ ನಾಲ್ಕಾಣೆ, ಎಂಟಾಣೆಗಳನ್ನೂ ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ ಟಂಕಿಸಿದರು, ಅವುಗಳನ್ನು ಪಕ್ಕಕ್ಕಿಟ್ಟೆ.

1940ರಿಂದ 1945ರವರೆಗಿನ ಆರನೇ ಜಾರ್ಜನ ರೂಪಾಯಿಯ ತೂಕ ಮೊದಲಿನಷ್ಟೇ ಇದ್ದರೂ ಬೆಳ್ಳಿ ಶೇ. 50ಕ್ಕೆ ಇಳಿದಿದೆ. ಉಳಿದದ್ದು ತಾಮ್ರ, ನಿಕ್ಕಲ್ ಮತ್ತು ಸತು. ಇದರ ಅಂಚನ್ನು ಬೆಳಕಿಗೆ ಹಿಡಿದರೆ ಗೀರುಗಳ ನಡುವೆ ಸುತ್ತಲೂ ಹರಿದ ಸಣ್ಣ ಕಾಲುವೆಯಂಥ ಗೆರೆ ಕಾಣುತ್ತದೆ, ಹಿಂದಿನ ನಾಣ್ಯಗಳಲ್ಲಿ ಬರಿಯ ಗೀರುಗಳಿವೆ. 1939ರ ರೂಪಾಯಿ ಅಪರೂಪವಾದ್ದರಿಂದ ನಕಲಿಗಳು ಹೆಚ್ಚು. ಆ ಇಸವಿಯ ನಾಣ್ಯದ ಅಂಚಿನಲ್ಲಿ ಗೆರೆಯಿದ್ದರೆ ಯಾರೋ ಅಂಕಿಯನ್ನು ತಿದ್ದಿದ್ದಾರೆ ಎಂದೇ ನನ್ನ ತೀರ್ಮಾನ. ಹುಲಿಯ ಚಿತ್ರವಿರುವ 1947ರ ರೂಪಾಯಿ ಶುದ್ಧ ನಿಕ್ಕಲ್, ಅಯಸ್ಕಾಂತಕ್ಕೆ ತಕ್ಷಣ ಅಂಟುತ್ತದೆ. ಹಾಗೆಂದು ಅಂಟದಿರುವುದೆಲ್ಲ ಬೆಳ್ಳಿಯಲ್ಲ, ತಾಮ್ರ-ನಿಕ್ಕಲ್ ಮಿಶ್ರಣವೂ ಅಂಟುವುದಿಲ್ಲ. ನೆಲಕ್ಕೆ ಬೀಳಿಸಿ ನಾದ ಕೇಳುವ ಪದ್ಧತಿಯ ಮೇಲೆ ನನಗೆ ನಂಬಿಕೆಯಿಲ್ಲ. ನಾಣ್ಯದ ಅಂಚೂ ಹಾಳಾಗುತ್ತದೆ.

ಅನುಮಾನ ಉಳಿದಲ್ಲಿ ನಾನು ನೆಚ್ಚಿದ್ದು ನೀರಿನ ಪರೀಕ್ಷೆಯನ್ನು. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಸೊನ್ನೆಗೆ ತಂದು, ದಾರ ಕಟ್ಟಿದ ನಾಣ್ಯವನ್ನು ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಹಳೆಯ ರೂಪಾಯಿಗೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ, ಅರ್ಧ ಬೆಳ್ಳಿಯದಕ್ಕೆ ಸುಮಾರು 1.22, ಬೆಳ್ಳಿಯೇ ಇಲ್ಲದ ತಾಮ್ರ-ನಿಕ್ಕಲಿಗೆ ಸುಮಾರು 1.31. ಸವೆದ ನಾಣ್ಯವಾದರೆ ಒಣ ತೂಕವನ್ನು ನೀರಿನಲ್ಲಿ ತಕ್ಕಡಿ ತೋರಿಸಿದ ಅಂಕಿಯಿಂದ ಭಾಗಿಸಿ ಸಾಂದ್ರತೆ ಕಂಡುಕೊಳ್ಳುತ್ತೇನೆ: 10.3ರ ಆಸುಪಾಸಿದ್ದರೆ ಅದು ಹಳೆಯ ಬೆಳ್ಳಿ. ನಾಣ್ಯಕ್ಕೆ ಅಂಟಿದ ಗಾಳಿಯ ಗುಳ್ಳೆಗಳನ್ನು ಕೊಡವದಿದ್ದರೆ ಲೆಕ್ಕ ತಪ್ಪುತ್ತದೆ. 1818ರ ಇಸವಿ ಹೊತ್ತು ರಾಮ-ಹನುಮರ ಚಿತ್ರವಿರುವ 'ಈಸ್ಟ್ ಇಂಡಿಯಾ ಕಂಪನಿ' ಬಿಲ್ಲೆಗಳಿಗೆ ಇಷ್ಟು ಶ್ರಮವೂ ಬೇಡ. ಕಂಪನಿ ಅಂಥ ನಾಣ್ಯಗಳನ್ನು ಹೊರಡಿಸಿಯೇ ಇರಲಿಲ್ಲ.

ಬೆಲೆಯ ಲೆಕ್ಕ ಸರಳ. ಸವೆಯದ ಹಳೆಯ ರೂಪಾಯಿಯಲ್ಲಿ 10.69 ಗ್ರಾಂ, 1940ರಿಂದ 1945ರವರೆಗಿನದ್ದರಲ್ಲಿ 5.83 ಗ್ರಾಂ ಶುದ್ಧ ಬೆಳ್ಳಿಯಿದೆ. ಆ ದಿನದ ಗ್ರಾಂ ದರದಿಂದ ಗುಣಿಸಿದರೆ ಲೋಹದ ಮೌಲ್ಯ ಸಿಗುತ್ತದೆ, ಕರಗಿಸಲು ಕೊಳ್ಳುವವರು ಅದರಲ್ಲೂ ಸ್ವಲ್ಪ ಮುರಿದುಕೊಳ್ಳುತ್ತಾರೆ. ಸ್ವಾತಂತ್ರ್ಯಾನಂತರದ 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿಗೂ ಇದೇ ಲೆಕ್ಕ: 15 ಗ್ರಾಂ ತೂಕದಲ್ಲಿ ಶೇ. 80ರಷ್ಟು ಬೆಳ್ಳಿ.

ಸಂಗ್ರಾಹಕರ ಬೆಲೆ ಬೇರೆ. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು ಅಚ್ಚನ್ನು ಬದಲಿಸಿದ್ದರಿಂದ ಆ ವರ್ಷದ್ದನ್ನು ಇಂದಿಗೂ ಹುಡುಕುತ್ತಾರೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಗಳನ್ನೂ, ಹುಣಸೆಹಣ್ಣು ಹಚ್ಚಿ ಉಜ್ಜಿ ಬೆಳಗಿದವುಗಳನ್ನೂ ಅವರು ಮುಟ್ಟುವುದು ಕಡಿಮೆ. ಅವುಗಳನ್ನು ನಾನು ತೂಕದ ಬೆಳ್ಳಿಯ ಲೆಕ್ಕಕ್ಕೇ ಸೇರಿಸಿದೆ.