ಸಣ್ಣ ಟಾರ್ಚ್, ದೊಡ್ಡ ಮರ: ನನ್ನ ಲೈಟ್ ಪೇಂಟಿಂಗ್ ಅನುಭವ

ರಾತ್ರಿ ಹೊತ್ತು ಒಂದು ದೊಡ್ಡ ಮರಕ್ಕೆ ಬುಡದಿಂದ ತುದಿವರೆಗೆ ಕ್ಯಾಮೆರಾ ಶಟರ್ ತೆರೆದಿಟ್ಟು ಪೆನ್ ಗಾತ್ರದ ಟಾರ್ಚಿನಲ್ಲೇ ಬೆಳಕು ಬಳಿಯಬಹುದು (ಇದೇ ಲೈಟ್ ಪೇಂಟಿಂಗ್) ಅಂದಾಗ ನನ್ನ ಜೊತೆಯ ಫೋಟೋಗ್ರಾಫರುಗಳು ಯಾರೂ ಒಪ್ಪಲಿಲ್ಲ. ‘ಸಾವಿರ ಲ್ಯೂಮೆನ್ ಆದ್ರೂ ಬೇಕು ಮಾರಾಯ, ಇಲ್ಲಾಂದ್ರೆ ಸುಮ್ನೆ ನಿದ್ದೆ ಹಾಳು’ ಅಂದರು. (ಲ್ಯೂಮೆನ್ ಅಂದ್ರೆ ಟಾರ್ಚಿನ ಬೆಳಕಿನ ಅಳತೆ.) ಈಗ ಆ ಫೋಟೋ ದೊಡ್ಡ ಪ್ರಿಂಟ್ ಆಗಿ ಗೋಡೆ ಮೇಲಿದೆ. ಹತ್ತಿರ ಹೋದರೆ ತೊಗಟೆಯ ಬಿರುಕು ಎಣಿಸಬಹುದು. ಹೇಗೆ ಮಾಡಿದೆ ಅಂತ ಈಗ ಅವರೇ ಕೇಳುತ್ತಿದ್ದಾರೆ.

ಟ್ರೈಪಾಡ್, ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡೋದು), ರಿಮೋಟ್ ಎಲ್ಲ ನಿಮಗೆ ಗೊತ್ತಿರೋದೇ. ನನ್ನ ಲೆಕ್ಕ ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಲೆನ್ಸಿನ ಕಿಂಡಿ ಎಫ್/8, ಒಂದು ಫ್ರೇಮಿಗೆ, ಅಂದ್ರೆ ಒಂದು ಶಾಟಿಗೆ, ಹೆಚ್ಚುಕಮ್ಮಿ ಎರಡು ನಿಮಿಷ. ಇದು ಚಂದ್ರ ಇಲ್ಲದ ರಾತ್ರಿಯ ಲೆಕ್ಕ.

ಎಲ್ಲರ ಮಾತಿನಂತೆ ಶುರು ಮಾಡಿದ್ದು ದೊಡ್ಡ ಟಾರ್ಚಿನಲ್ಲೇ. ನನ್ನ ಟ್ರೈಪಾಡಿಗಿಂತ ಅದರ ಬೆಲೆ ಜಾಸ್ತಿ. ಅದಕ್ಕೆ ಬೇರೆ ಬ್ಯಾಟರಿ, ಬೇರೆ ಚಾರ್ಜರ್. ಎಲ್ಲ ಸೇರಿದರೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಲೆನ್ಸಿನ ದುಡ್ಡು. ಬಂದದ್ದೇನು? ಕೈ ಅರೆಕ್ಷಣ ನಿಂತ ಕಡೆಯೆಲ್ಲ ಸುಟ್ಟ ಹಾಗೆ ಬಿಳಿ ಕಲೆ. ಬೇಗ ಬೇಗ ಆಡಿಸಿದರೆ ಪಟ್ಟೆ ಪಟ್ಟೆ. ಕಾಂಡ ಸರಿಬಂದರೆ ಕೊಂಬೆ ಕೆಡುತ್ತಿತ್ತು, ಕೊಂಬೆ ಸರಿಬಂದರೆ ಹುಲ್ಲು ಕೆಡುತ್ತಿತ್ತು. ಎಲ್ಲೋ ಒಂದು ಕಡೆ ಕೆಟ್ಟರೂ ಪೂರ್ತಿ ಫ್ರೇಮ್ ದಂಡ. ಆ ಟಾರ್ಚನ್ನು ಅರ್ಧ ಬೆಲೆಗೆ ಮಾರಿದೆ.

ಸಣ್ಣ ಟಾರ್ಚಿನ ಲಾಭ ಬೆಳಕಲ್ಲ, ಸಮಯ. ಸುಮಾರು 100 ಲ್ಯೂಮೆನ್ ಇದ್ದರೆ ಕಾಂಡಕ್ಕೆ ಹದಿನೈದು ಸೆಕೆಂಡಾದರೂ ಬೇಕು. ಅಷ್ಟು ಹೊತ್ತಿನಲ್ಲಿ ಕೈ ಒಂದು ಕ್ಷಣ ತಡೆದರೂ ಫೋಟೋದಲ್ಲಿ ಗೊತ್ತಾಗಲ್ಲ. ನಾನು ನಿಲ್ಲೋದು ಮರದ ಪಕ್ಕಕ್ಕೆ, ಫ್ರೇಮಿನ ಹೊರಗೆ. ಕ್ಯಾಮೆರಾ ಕಡೆಯಿಂದ ಬೆಳಕು ಬಿಟ್ಟರೆ ಮರ ಚಪ್ಪಟೆಯಾಗುತ್ತದೆ. ಪಕ್ಕದಿಂದ ಬಿಟ್ಟರೆ ಒಂದೊಂದು ಗಂಟಿಗೂ ನೆರಳು ಬೀಳುತ್ತದೆ, ತೊಗಟೆ ಎದ್ದು ಬರುತ್ತದೆ. ತೋಳು ಮೈಗೆ ಅಂಟಿರಲಿ, ಮಣಿಕಟ್ಟು ಮಾತ್ರ ಆಡಲಿ. ಗೋಡೆಗೆ ಸುಣ್ಣ ಬಳಿಯುವ ಹಾಗೆ ಒಂದು ಪಟ್ಟಿಯ ಮೇಲೆ ಮುಂದಿನದು ಅರ್ಧ ಕೂರಬೇಕು. ಮರದಿಂದ ದೂರ ಒಂದೇ ಸಮ ಇರಬೇಕು, ಯಾಕಂದ್ರೆ ಅರ್ಧ ದೂರಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟು. ಆಮೇಲೆ ಇನ್ನೊಂದು ಪಕ್ಕದಿಂದ ಮೂರನೇ ಒಂದು ಪಾಲು ಹೊತ್ತು ಬಳಿದರೆ ಸಾಕು.

ಇಷ್ಟೆಲ್ಲ ಒಂದೇ ಫ್ರೇಮಿನಲ್ಲಿ ಮಾಡಲ್ಲ. ಕಾಂಡಕ್ಕೊಂದು, ಎಡ ಕೊಂಬೆಗೊಂದು, ಬಲಕ್ಕೊಂದು, ಬುಡದ ಹುಲ್ಲಿಗೊಂದು. ಕೆಟ್ಟದ್ದನ್ನು ಮಾತ್ರ ಮತ್ತೆ ತೆಗೆಯೋದು. ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಲೇಯರ್ ಮಾಡಿ ಲೈಟನ್ ಮೋಡಿಗೆ ಹಾಕೋದು. ‘ಅದು ಕಂಪ್ಯೂಟರ್ ಕೆಲಸ’ ಅಂತ ಮೂಗು ಮುರಿದವರಿದ್ದಾರೆ. ನಾನು ಒಪ್ಪಲ್ಲ. ಲೈಟನ್ ಮೋಡ್ ಹೊಸ ಬೆಳಕು ತರಲ್ಲ. ಪ್ರತಿ ಜಾಗದಲ್ಲೂ ಯಾವ ಫ್ರೇಮ್ ಜಾಸ್ತಿ ಬೆಳಗಿದೆಯೋ ಅದನ್ನು ಉಳಿಸುತ್ತದೆ, ಅಷ್ಟೇ. ಬೆಳಕು ನನ್ನ ಕೈಯಿಂದಲೇ ಬಿದ್ದದ್ದು. ಆಕಾಶವನ್ನು ಮಾತ್ರ ಒಂದೇ ಫ್ರೇಮಿನಿಂದ ತೆಗೆದುಕೊಳ್ಳಿ, ಇಲ್ಲದಿದ್ದರೆ ನಕ್ಷತ್ರಗಳು ತುಂಡು ತುಂಡು ಗೆರೆಯಾಗುತ್ತವೆ.

ಇದರ ದೊಡ್ಡ ಶತ್ರು ಒದ್ದೆ ಮಣ್ಣು. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಟ್ರೈಪಾಡ್ ಕಾಲು ಇಳಿಯುತ್ತದೆ. ಲೇಯರ್ ಕೂರಿಸಿದಾಗ ಕೊಂಬೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಈಗ ಮೂರು ಕಾಲಿಗೂ ಚಪ್ಪಟೆ ಕಲ್ಲು ಇಡುತ್ತೇನೆ. ಇನ್ನೊಂದು ಕಾಟ ಹುಳುಗಳದ್ದು. ಟಾರ್ಚಿನ ಬಾಯಿ ಮುಂದೆ ಹಾರಿದ ಒಂದು ಪುಟ್ಟ ಹುಳು ಎರಡು ನಿಮಿಷದ ಫ್ರೇಮಿನಲ್ಲಿ ಬಿಳಿ ಸುರುಳಿ ಗೀಚಿ ಹೋಗುತ್ತದೆ. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ತುಂಬಾ ಹೊತ್ತಿನ ಫ್ರೇಮಿನಲ್ಲಿ ಬರೋ ಚುಕ್ಕೆಗಳನ್ನು ಕ್ಯಾಮೆರಾನೇ ತೆಗೆಯೋದು) ಆಫ್ ಮಾಡಿಡಿ. ಪ್ರತಿ ಫ್ರೇಮಿಗೂ ಎರಡು ನಿಮಿಷ ಕಾಯಿಸಿ ಬ್ಯಾಟರಿ ತಿನ್ನುತ್ತದೆ. ಕೊನೆಗೆ ಲೆನ್ಸ್ ಮುಚ್ಚಿ ಅಷ್ಟೇ ಹೊತ್ತಿನ ಒಂದು ಡಾರ್ಕ್ ಫ್ರೇಮ್ ತೆಗೆದರೆ ಆಯಿತು, ಅದನ್ನಿಟ್ಟುಕೊಂಡು ಆಮೇಲೆ ಆ ಚುಕ್ಕೆಗಳನ್ನು ಕಳೆಯಬಹುದು.

ನನ್ನ ಟಾರ್ಚಿನ ಎಲ್ಇಡಿ ಬೆಳಕು ತೊಗಟೆಗೆ ಹೆಣದ ಬಣ್ಣ ಕೊಡುತ್ತದೆ. ಕಿತ್ತಳೆ ಜೆಲ್ (ಬೆಳಕಿಗೆ ಬಣ್ಣ ಕೊಡೋ ಪಾರದರ್ಶಕ ಹಾಳೆ) ಹಾಕಲೇಬೇಕು. ಜೆಲ್ ಹಿಂದೆ ಇನ್ನೊಂದು ಪದರ ಇಡುತ್ತೇನೆ, ಬೆಳಕಿನ ಅಂಚು ಮೆತ್ತಗಾಗಲಿ ಅಂತ. ಅದು ಏನು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸ್ಟೀಲ್ ವೂಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಉರಿಸಿ ತಿರುಗಿಸಿಯೂ ನೋಡಿದೆ. ಚೆಂದ ಬಂತು. ಆದರೆ ಕಿಡಿ ಹಾರಿ ಫಿಲ್ಟರ್ ಮೇಲೆ ಚುಕ್ಕೆ ಬಿತ್ತು, ಫಿಲ್ಟರ್ ಇದ್ದದ್ದಕ್ಕೆ ಲೆನ್ಸ್ ಉಳಿಯಿತು. ಒಣ ಹುಲ್ಲಿನ ಹತ್ತಿರ ಅದನ್ನು ಮಾಡಲೇಬೇಡಿ. ಗಾಳಿಯಲ್ಲಿ ಗೆರೆ ಎಳೆಯೋದನ್ನೂ ಮಾಡಿದ್ದೇನೆ, 1949ರಲ್ಲಿ ಫೋಟೋಗ್ರಾಫರ್ ಜಾನ್ ಮಿಲಿ ಚಿತ್ರಕಾರ ಪಿಕಾಸೋ ಕೈಯಲ್ಲಿ ಬೆಳಕಿನಿಂದ ಬರೆಸಿದರಲ್ಲ, ಆ ಥರ. ಅಲ್ಲಿ ಬೆಳಕು ಕ್ಯಾಮೆರಾ ಕಡೆ ತಿರುಗಿರಬೇಕು. ಮರದ ಕೆಲಸದಲ್ಲಿ ಅಪ್ಪಿತಪ್ಪಿಯೂ ತಿರುಗಬಾರದು. ಅದಕ್ಕೇ ಟಾರ್ಚಿಗೆ ಕಪ್ಪು ಕಾಗದದ ಕೊಳವೆ ಸುತ್ತಿದ್ದೇನೆ, ಗೇಣುದ್ದ.

ಈಗ ಹಳೇ ಕಲ್ಲಿನ ಗೋಡೆಗಳ ಮೇಲೆ ಇದೇ ಪ್ರಯೋಗ ನಡೆದಿದೆ. ಅಲ್ಲಿ ಟಾರ್ಚನ್ನು ಗೋಡೆಗೆ ಹೆಚ್ಚುಕಮ್ಮಿ ತಾಗಿಸಿಯೇ ಹಿಡಿಯಬೇಕು, ಆಗಲೇ ಉಳಿ ಗುರುತು ಕಾಣೋದು. ಹೊತ್ತಿನ ಲೆಕ್ಕ ಇನ್ನೂ ಕೈಗೆ ಕೂತಿಲ್ಲ. ಹದಿನೈದು ಸೆಕೆಂಡು ಇಲ್ಲಿ ಜಾಸ್ತಿಯಾಗುತ್ತಿದೆ, ಐದರ ಆಸುಪಾಸು ಸರಿಬರುವ ಹಾಗಿದೆ.